ವಾಯ್ಸ್ ಓವರ್ ಕಲಿಯಬೇಕಾ? ಮೊದಲು ಗಾಜಿನ ಈಚೆ ಕೂತ್ಕೊಳ್ಳಿ

ವಾಯ್ಸ್ ಓವರ್, ಅಂದರೆ ಜಾಹೀರಾತು, ಫೋನ್ ಸಂದೇಶ ಇಂಥದ್ದಕ್ಕೆಲ್ಲ ದನಿ ಕೊಡುವುದು, ನನ್ನ ಕಸುಬು. ವಾರಕ್ಕೆ ಒಬ್ಬರಾದರೂ ಮೆಸೇಜ್ ಮಾಡುತ್ತಾರೆ. "ಸಾರ್, ನನ್ನ ವಾಯ್ಸ್ ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ, ಯಾವ ಕೋರ್ಸ್ ಸೇರ್ಲಿ?" ನಾನು ತಿರುಗಿ ಕೇಳುವುದು ಒಂದೇ. "ಈ ಬೆಲೆ ಭಾನುವಾರದವರೆಗೆ ಮಾತ್ರ" ಅನ್ನುವ ಸಾಲನ್ನು ಇಪ್ಪತ್ತು ಸಲ ಓದೋಕೆ ಆಗುತ್ತಾ? ಇಪ್ಪತ್ತನೇ ಸಲವೂ ಮೊದಲ ಸಲದಷ್ಟೇ ಖುಷಿಯಾಗಿ, ಅಷ್ಟೇ ಸೆಕೆಂಡಿನಲ್ಲಿ? ಆಗುತ್ತೆ ಅನ್ನುವವರು ಮುಂದೆ ಓದಿ. ದನಿ ಚೆನ್ನಾಗಿದೆಯೋ ಇಲ್ಲವೋ ಆಮೇಲೆ ನೋಡೋಣ.

ನಾನು ಯಾವ ಕೋರ್ಸೂ ಮಾಡಿಲ್ಲ. ತಿಪಟೂರು ಕಡೆಯವನು. ಬೆಂಗಳೂರಿನ ಒಂದು ಕಾಲ್ ಸೆಂಟರ್‌ನಲ್ಲಿ ಕನ್ನಡದ ಕಾಲ್ ತೆಗೆದುಕೊಳ್ಳುತ್ತಿದ್ದೆ. ಒಂದು ದಿನ ಟೀಮ್ ಲೀಡ್ ಬಂದು, "ಐವಿಆರ್‌ಗೆ ಕನ್ನಡ ಬೇಕಂತೆ, ನಿನ್ನ ಕನ್ನಡ ಸ್ಪಷ್ಟವಾಗಿದೆಯಲ್ಲ, ಓದಿಬಿಡು" ಅಂದರು. ಐವಿಆರ್ ಅಂದರೆ ಗೊತ್ತಲ್ವಾ, "ಕನ್ನಡಕ್ಕಾಗಿ ಎರಡನ್ನು ಒತ್ತಿ" ಅನ್ನುತ್ತದಲ್ಲ ಫೋನಿನಲ್ಲಿ, ಅದು. ಅರ್ಧ ಗಂಟೆ ಕೆಲಸ ಅಂದುಕೊಂಡು ಹೋದವನು ನಾಲ್ಕು ಗಂಟೆ ಸ್ಟುಡಿಯೋದಲ್ಲಿ ನಿಂತಿದ್ದೆ. ಸಂಬಳದ ಮೇಲೆ ಒಂದು ಪೈಸೆ ಜಾಸ್ತಿ ಸಿಗಲಿಲ್ಲ. ಆದರೂ ಈ ಕಸುಬಿನಲ್ಲಿ ಸಿಕ್ಕ ಅತ್ಯುತ್ತಮ ಪಾಠ ಅದೇ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಐವಿಆರ್‌ನಲ್ಲಿ ನೀವು ಪೂರ್ತಿ ವಾಕ್ಯ ಓದುವುದಿಲ್ಲ. ತುಂಡು ತುಂಡಾಗಿ ಓದುತ್ತೀರಿ, ಯಂತ್ರ ಜೋಡಿಸಿಕೊಳ್ಳುತ್ತದೆ. ನನಗೆ ಕೊಟ್ಟ ಪಟ್ಟಿ ಇಂಗ್ಲಿಷ್ ಪಟ್ಟಿಯ ಅನುವಾದ. ಸೊನ್ನೆಯಿಂದ ತೊಂಬತ್ತೊಂಬತ್ತು, ಆಮೇಲೆ ನೂರು, ಸಾವಿರ, ಲಕ್ಷ. ಓದುತ್ತಾ ಓದುತ್ತಾ ಒಂದು ಅನುಮಾನ ಬಂತು. 125ನ್ನು ನಾವು "ನೂರು ಇಪ್ಪತ್ತೈದು" ಅನ್ನುತ್ತೇವಾ? ಇಲ್ಲ, "ನೂರ ಇಪ್ಪತ್ತೈದು". 1,250 ಆದರೆ "ಸಾವಿರದ ಇನ್ನೂರ ಐವತ್ತು". ಅಂದರೆ ನೂರು ಬೇರೆ, ನೂರ ಬೇರೆ. ಇನ್ನೂರು, ಇನ್ನೂರ. ಸಾವಿರ, ಸಾವಿರದ. ಹೀಗೆ ಒಂಬೈನೂರರವರೆಗೂ ಎರಡೆರಡು ಸಲ ರೆಕಾರ್ಡ್ ಮಾಡದಿದ್ದರೆ ಗ್ರಾಹಕರಿಗೆ ಯಾರೋ ಕನ್ನಡ ಬಾರದವರು ಬಿಲ್ ಓದಿದ ಹಾಗೆ ಕೇಳುತ್ತದೆ. ಹೆದರಿಕೊಂಡೇ ಹೇಳಿದೆ. ಗಾಜಿನ ಆಚೆ ಕೂತಿದ್ದ ಇಂಜಿನಿಯರ್ ಹೆಡ್‌ಫೋನ್ ತೆಗೆದು ನನ್ನನ್ನೇ ನೋಡಿದರು. ಆಮೇಲೆ ಅವರೇ ಇನ್ನೊಂದು ಹೇಳಿಕೊಟ್ಟರು. ಒಂದೊಂದು ಅಂಕಿಯನ್ನೂ ಎರಡು ರಾಗದಲ್ಲಿ ಓದಬೇಕು, ನಡುವಿನ ಐದು ಒಂದು, ಕೊನೆಯ ಐದು ಒಂದು. ಫೋನ್ ನಂಬರ್ ಓದುವಾಗ ನಡುವಿನ ಅಂಕಿಯಲ್ಲಿ ದನಿ ನಿಂತೇ ಇರುತ್ತದೆ, ಕೊನೆಯದರಲ್ಲಿ ಕೆಳಗಿಳಿಯುತ್ತದೆ. ಈಗಲೇ ನಿಮ್ಮ ನಂಬರ್ ಜೋರಾಗಿ ಹೇಳಿ ನೋಡಿ.

ಆ ಇಂಜಿನಿಯರ್ ನನ್ನ ನಂಬರ್ ತೆಗೆದುಕೊಂಡಿದ್ದು ದನಿ ನೋಡಿ ಅಲ್ಲ, ಆ "ನೂರ" ನೋಡಿ.

ಈಚೆ ಕೂರುವುದು ಅಂದರೆ ಏನು

ಸ್ಟುಡಿಯೋದಲ್ಲಿ ಗಾಜಿನ ಆ ಕಡೆ ಮೈಕ್, ಈ ಕಡೆ ಇಂಜಿನಿಯರ್, ಡೈರೆಕ್ಟರ್, ಕ್ಲೈಂಟ್. ಎಲ್ಲರಿಗೂ ಆ ಕಡೆ ಹೋಗುವ ಆಸೆ. ಕಲಿಯುವುದು ಮಾತ್ರ ಈ ಕಡೆ. ನಾನು ಆ ಇಂಜಿನಿಯರ್‌ಗೆ, "ಅಣ್ಣ, ಶನಿವಾರ ಬಂದು ಸುಮ್ನೆ ಕೂತ್ಕೊಳ್ಲಾ?" ಅಂತ ಕೇಳಿದೆ. ಮೊದಲು ನಕ್ಕರು, ಆಮೇಲೆ ಬಾ ಅಂದರು. ಸುಮಾರು ಆರು ತಿಂಗಳು ಶನಿವಾರ ಹೋದೆ. ಟೀ ತಂದೆ, ಸ್ಕ್ರಿಪ್ಟ್ ಪ್ರಿಂಟ್ ತೆಗೆದೆ, ಯಾವ ಟೇಕ್ ಓಕೆ, ಯಾವುದು ಬೇಡ ಅಂತ ಹಾಳೆಯಲ್ಲಿ ಗುರುತು ಹಾಕಿದೆ. ಈ ಗುರುತು ಹಾಕುವ ಕೆಲಸ ಸಿಕ್ಕರೆ ಬಿಡಲೇಬೇಡಿ. ಒಂದೇ ಸಾಲಿನ ಹನ್ನೆರಡು ಟೇಕ್ ಕೇಳಿ ಅದರಲ್ಲಿ ಎಂಟನೆಯದನ್ನೇ ಯಾಕೆ ಆರಿಸಿದರು ಅಂತ ಗೊತ್ತಾಗಲು ಶುರುವಾದ ದಿನ ನಿಮ್ಮ ಕಿವಿ ಹದಕ್ಕೆ ಬಂತು ಅಂತ ಲೆಕ್ಕ.

ಅಲ್ಲಿ ಕೂತರೆ ಡೈರೆಕ್ಟರುಗಳ ಭಾಷೆಯೂ ಬರುತ್ತದೆ. ಅವರು ಹೇಳುವುದು ಒಂದು, ಬೇಕಾಗಿರುವುದು ಇನ್ನೊಂದು. "ಎನರ್ಜಿ ಜಾಸ್ತಿ ಬೇಕು" ಅಂದರೆ ಕೂಗು ಅಂತಲ್ಲ. ಹೊಸಬರು ಅಲ್ಲೇ ಎಡವುತ್ತಾರೆ, ಕಿರುಚಿಬಿಡುತ್ತಾರೆ. ಅವರಿಗೆ ಬೇಕಾಗಿರುವುದು ಸಾಲಿನ ಮೊದಲ ಪದ ಚುರುಕಾಗಿ ಎದ್ದೇಳಬೇಕು, ಕೊನೆಯ ಪದ ಸೋತು ಬೀಳಬಾರದು, ಅಷ್ಟೇ. "ಸ್ಮೈಲ್ ಹಾಕಿ" ಅಂದರೆ ನಿಜವಾಗಿ ಮುಖದಲ್ಲಿ ನಗು ತರಬೇಕು, ತುಟಿ ಅಗಲವಾದ ಕೂಡಲೇ ದನಿಯ ಬಣ್ಣ ಬದಲಾಗುತ್ತದೆ. "ಓದಿದ ಹಾಗಿದೆ" ಅಂದರೆ ಎಲ್ಲಾ ಪದಕ್ಕೂ ಒಂದೇ ತೂಕ ಕೊಟ್ಟಿದ್ದೀರಿ ಅಂತ. "ಏನೋ ಮಿಸ್ಸಿಂಗ್" ಅಂತ ಕ್ಲೈಂಟ್ ಅಂದರೆ ಅವರಿಗೇ ಗೊತ್ತಿಲ್ಲ ಅಂತ. ಆಗ ತಲೆ ಕೆಡಿಸಿಕೊಳ್ಳದೆ ಮೂರು ಬೇರೆ ಬೇರೆ ರೀತಿ ಓದಿ ಕೊಡಿ. ಬಹಳ ಸಲ ಕೊನೆಗೆ ಮೊದಲನೇ ಟೇಕನ್ನೇ ತೆಗೆದುಕೊಂಡು ಹೋಗುತ್ತಾರೆ.

ಬಾಗಿಲು ತೆರೆಸುವುದು ಹೇಗೆ ಅಂತ ಕೇಳುತ್ತೀರಿ. ದೊಡ್ಡ ಸ್ಟುಡಿಯೋಗೆ ಮೊದಲೇ ಹೋಗಬೇಡಿ, ರಿಸೆಪ್ಷನ್ ದಾಟಿಸುವುದಿಲ್ಲ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಹುಬ್ಬಳ್ಳಿಯಲ್ಲಿ ಮನೆಯ ಮೊದಲ ಮಹಡಿಯಲ್ಲಿ ಒಂದೇ ಕೋಣೆಯ ಸ್ಟುಡಿಯೋಗಳು ಇರುತ್ತವೆ. ಭಕ್ತಿಗೀತೆ, ಆಟೋಗೆ ಮೈಕ್ ಕಟ್ಟಿ ಮಾಡುವ ಪ್ರಚಾರ, ಚುನಾವಣೆಯ ಹಾಡು, ಚಿಟ್ ಫಂಡ್ ಜಾಹೀರಾತು, ಎಲ್ಲಾ ಅಲ್ಲೇ ಆಗುವುದು. ಅಲ್ಲಿ ಇಂಜಿನಿಯರೇ ಮಾಲೀಕ, ಒಬ್ಬರೇ ಇರುತ್ತಾರೆ, ಕೈಗೊಂದು ಜನ ಬೇಕಿರುತ್ತದೆ. "ವಾಯ್ಸ್ ಆರ್ಟಿಸ್ಟ್ ಆಗ್ಬೇಕು" ಅಂತ ಹೋಗಬೇಡಿ. "ಸ್ಕ್ರಿಪ್ಟ್ ಟೈಪ್ ಮಾಡಿಕೊಡ್ತೀನಿ, ಕನ್ನಡ ತಪ್ಪು ತಿದ್ದಿಕೊಡ್ತೀನಿ" ಅಂತ ಹೋಗಿ. ಕನ್ನಡ ಸರಿಯಾಗಿ ಟೈಪ್ ಮಾಡುವವರಿಗೆ ಇವತ್ತಿಗೂ ಬರ ಇದೆ.

ಸ್ಕ್ರ್ಯಾಚ್ ಎಂಬ ಹಿಂಬಾಗಿಲು

ಜಾಹೀರಾತು ಮಾಡುವಾಗ ಕೊನೆಯ ದನಿ ಬರುವ ಮೊದಲು ಯಾರಾದರೂ ಒಬ್ಬರು ತಾತ್ಕಾಲಿಕವಾಗಿ ಓದಿಡುತ್ತಾರೆ. ಎಡಿಟ್ ಮಾಡೋಕೆ, ಕ್ಲೈಂಟ್‌ಗೆ ತೋರಿಸೋಕೆ. ಅದಕ್ಕೆ ಸ್ಕ್ರ್ಯಾಚ್ ಅನ್ನುತ್ತಾರೆ. ದುಡ್ಡು ಕಮ್ಮಿ, ಕೆಲವು ಸಲ ಇಲ್ಲವೇ ಇಲ್ಲ. ನನಗೆ ಮೊದಲ ಸ್ಕ್ರ್ಯಾಚ್‌ಗೆ 500 ರೂಪಾಯಿ ಕೊಟ್ಟರು. ಮಜಾ ಏನೆಂದರೆ, ಹದಿನೈದು ದಿನ ಅದೇ ದನಿ ಕೇಳಿ ಕೇಳಿ ಕ್ಲೈಂಟ್‌ಗೆ ಅದೇ ಒಗ್ಗಿಹೋಗಿರುತ್ತದೆ. ಆಮೇಲೆ ದೊಡ್ಡ ಕಲಾವಿದರು ಬಂದು ಓದಿದರೂ "ಅದೇ ಚೆನ್ನಾಗಿತ್ತು" ಅನ್ನುತ್ತಾರೆ. ನನ್ನ ಮೊದಲ ನಾಲ್ಕು ಜಾಹೀರಾತು ಸಿಕ್ಕಿದ್ದು ಹೀಗೆ. ಆದರೆ ಒಂದು ಮಾತು ಮೊದಲೇ ಹೇಳಿ ಇಟ್ಟುಕೊಳ್ಳಿ: ಸ್ಕ್ರ್ಯಾಚ್ ಫೈನಲ್ ಆದರೆ ಫೈನಲ್ ರೇಟ್ ಕೊಡಬೇಕು. ಬಾಯಲ್ಲಿ ಅಲ್ಲ, ವಾಟ್ಸಾಪ್‌ನಲ್ಲಾದರೂ ಬರೆದು.

ಸ್ಕ್ರ್ಯಾಚ್ ಓದುವವರು ಸ್ಕ್ರಿಪ್ಟ್ ಕತ್ತರಿಸುವುದನ್ನೂ ಕಲಿಯಬೇಕು. ಇಂಗ್ಲಿಷ್‌ನಲ್ಲಿ ಬರೆದ 30 ಸೆಕೆಂಡಿನ ಜಾಹೀರಾತನ್ನು ಯಾರೋ ಕನ್ನಡ ಮಾಡಿ ಕಳಿಸಿರುತ್ತಾರೆ, ಓದಿದರೆ 41 ಸೆಕೆಂಡ್. ನಮ್ಮ ಪದಗಳು ಉದ್ದ. ವಿಭಕ್ತಿ, ಕ್ರಿಯಾಪದದ ಪ್ರತ್ಯಯ ಎಲ್ಲಾ ಅಂಟಿಕೊಂಡೇ ಬರುತ್ತವೆ. "ಇಂದೇ ನಿಮ್ಮ ಸಮೀಪದ ಮಳಿಗೆಗೆ ಭೇಟಿ ನೀಡಿ" ಅಂತ ಇರುತ್ತದೆ. ಯಾರು ಹಾಗೆ ಮಾತಾಡುತ್ತಾರೆ ಹೇಳಿ? "ಇವತ್ತೇ ಅಂಗಡಿಗೆ ಬನ್ನಿ" ಅಂದರೆ ಎರಡು ಸೆಕೆಂಡ್ ಉಳಿಯಿತು, ಜನರಿಗೂ ಅರ್ಥವಾಯಿತು. ಕ್ಲೈಂಟ್ ಮುಂದೆ ಸ್ಕ್ರಿಪ್ಟ್ ಸರಿ ಇಲ್ಲ ಅಂತ ಹೇಳಬೇಡಿ, ಯಾರಿಗೂ ಇಷ್ಟ ಆಗುವುದಿಲ್ಲ. "ಒಂದು ಆಪ್ಷನ್ ಓದ್ತೀನಿ ಕೇಳಿ" ಅನ್ನಿ.

ಅಕ್ಕಿ ಮತ್ತು ಹಕ್ಕಿ

ಈಗ ಮರ್ಯಾದೆ ಹೋದ ಕಥೆ. ನಮ್ಮ ಕಡೆ ಮಾತಿನಲ್ಲಿ ಹಕಾರ ಹಾರಿಹೋಗುತ್ತದೆ. ಹಾಲು ಆಲಾಗುತ್ತದೆ, ಹಣ್ಣು ಅಣ್ಣಾಗುತ್ತದೆ. ಶನಿವಾರದ ಗುರುಗಳು ಇದನ್ನು ಹಿಡಿದು ಬೈದಿದ್ದರು, ಹಾಗಾಗಿ ನಾನು ಹಕಾರದ ಮೇಲೆ ವಿಪರೀತ ಎಚ್ಚರ ಇಟ್ಟುಕೊಂಡಿದ್ದೆ. ಒಂದು ಅಕ್ಕಿ ಅಂಗಡಿಯ ರೇಡಿಯೋ ಜಾಹೀರಾತು ಬಂತು. ಕೆಂಪು ಲೈಟ್ ಹತ್ತಿತು. ನಾನು ಗತ್ತಿನಿಂದ ಶುರುಮಾಡಿದೆ: "ಮನೆಮಂದಿಗೆಲ್ಲಾ ಮೆಚ್ಚಿನ ಸೋನಾ ಮಸೂರಿ ಹಕ್ಕಿ." ಗಾಜಿನ ಆಚೆ ಎಲ್ಲರೂ ಮೇಜಿನ ಮೇಲೆ ಬಗ್ಗಿಬಿಟ್ಟರು. ಹೆಡ್‌ಫೋನ್‌ನಲ್ಲಿ ಇಂಜಿನಿಯರ್ ದನಿ: "ಹಕ್ಕಿ ಹಾರೋಗುತ್ತೆ, ಅಕ್ಕಿ ಕೊಡಪ್ಪ."

ಆಮೇಲೆ ಏಳು ಟೇಕ್ ಆಯಿತು. ಪ್ರತಿ ಸಲ ಆ ಪದ ಬರುವ ಮೊದಲೇ ಗಂಟಲು ಬಿಗಿಯುತ್ತಿತ್ತು. ಕೊನೆಗೆ ಅವರು "ಬರೀ ಅಕ್ಕ ಅನ್ನು, ನಿಮ್ಮಕ್ಕನ್ನ ಕರಿ" ಅಂದರು. ಅಕ್ಕ, ಅಕ್ಕ, ಅಕ್ಕಿ. ಬಂತು.

ನಿಮ್ಮ ಊರಿನ ಮಾತಿನಲ್ಲೂ ಇಂಥದ್ದು ಒಂದು ಇದ್ದೇ ಇರುತ್ತದೆ. ಯಾವುದು ಅಂತ ಮೊದಲು ಕಂಡುಹಿಡಿಯಿರಿ. ಳ ಮತ್ತು ಲ, ಣ ಮತ್ತು ನ, ಶ ಷ ಸ, ಅಲ್ಪಪ್ರಾಣ ಮಹಾಪ್ರಾಣ. ಹಾಲಿನ ಜಾಹೀರಾತಿನಲ್ಲಿ "ಮನೆಗೆ ಹಾಲು" ಅನ್ನುವುದು "ಮನೆ ಹಾಳು" ಆದರೆ ಏನು ಗತಿ! "ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯುತ್ತಿತ್ತು" ಅನ್ನುವುದನ್ನು ಚಿಕ್ಕಂದಿನಲ್ಲಿ ಆಟಕ್ಕೆ ಹೇಳುತ್ತಿದ್ದೆವಲ್ಲ, ಅದನ್ನು ದಿನಾ ಬೆಳಿಗ್ಗೆ ಮೊದಲು ನಿಧಾನಕ್ಕೆ, ಆಮೇಲೆ ವೇಗವಾಗಿ ಹೇಳಿ. ನಾನು ಬೈಕ್ ಓಡಿಸುವಾಗ ಹೆಲ್ಮೆಟ್ ಒಳಗೆ ಹೇಳುತ್ತೇನೆ. ಸಿಗ್ನಲ್‌ನಲ್ಲಿ ಪಕ್ಕದವರು ನೋಡುತ್ತಾರೆ, ನೋಡಲಿ.

ಹಾಗಂತ ಊರಿನ ಮಾತನ್ನು ಅಳಿಸಿಹಾಕಬೇಡಿ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಕಂಪನಿಯವರು ಬಂದಾಗ ಧಾರವಾಡದ ಮಾತು, ಮಂಡ್ಯದ ಮಾತು, ಕುಂದಾಪ್ರದ ಮಾತು ಬೇಕು ಅಂತಲೇ ಕೇಳುತ್ತಾರೆ. ಎರಡೂ ಬರಬೇಕು, ಯಾವಾಗ ಯಾವುದು ಅಂತ ಗೊತ್ತಿರಬೇಕು.

ಇನ್ನು ಗಡಸು ದನಿ ಇರಲೇಬೇಕು ಅನ್ನುವ ಭ್ರಮೆ. ನಮ್ಮ ಮೆಟ್ರೋದಲ್ಲಿ "ಮುಂದಿನ ನಿಲ್ದಾಣ" ಅಂದ ಅಪರ್ಣಾ ಅವರ ದನಿ ನೆನಪು ಮಾಡಿಕೊಳ್ಳಿ. ಅದರಲ್ಲಿ ಯಾವ ಆಡಂಬರವೂ ಇಲ್ಲ. ಗದ್ದಲದ ನಡುವೆಯೂ ಒಂದೊಂದು ಅಕ್ಷರ ಬಿಡಿಬಿಡಿಯಾಗಿ ಕೇಳುತ್ತದೆ. ಅದು ದೂರದರ್ಶನದಲ್ಲಿ, ವೇದಿಕೆಗಳಲ್ಲಿ ವರ್ಷಗಟ್ಟಲೆ ನಿರೂಪಣೆ ಮಾಡಿ ಬಂದ ಹದ. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ ಮುಖ ನೋಡದವರೂ ಮರುಗಿದರು.

ಡಬ್ಬಿಂಗ್ ಕಡೆ ಹೋಗುವವರಿಗೆ

ಕನ್ನಡದಲ್ಲಿ ಡಬ್ಬಿಂಗ್ ಕಥೆ ಸ್ವಲ್ಪ ಬೇರೆ. ಬೇರೆ ಭಾಷೆಯ ಸಿನಿಮಾ, ಧಾರಾವಾಹಿ ಕನ್ನಡಕ್ಕೆ ಡಬ್ ಆಗದಂತೆ ದಶಕಗಟ್ಟಲೆ ತಡೆ ಇತ್ತು. ಕಾನೂನಲ್ಲ, ಉದ್ಯಮದ ಒಳಗಿನ ಕಟ್ಟುಪಾಡು. 2015ರಲ್ಲಿ ಭಾರತದ ಸ್ಪರ್ಧಾ ಆಯೋಗ (ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಸಂಸ್ಥೆ) ಅದು ಸರಿಯಲ್ಲ ಅಂತ ಆದೇಶ ಕೊಟ್ಟಿತು. ಆಮೇಲೆ ನಿಧಾನಕ್ಕೆ ಬಾಗಿಲು ತೆರೆಯಿತು, 2020ರ ಲಾಕ್‌ಡೌನ್‌ನಲ್ಲಿ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡ ಮಾತಾಡಿಕೊಂಡು ಮನೆಮನೆಗೆ ಬಂತು. ಅದು ಸರಿಯೋ ತಪ್ಪೋ ಅನ್ನುವ ಜಗಳ ಬೇರೆ. ಕೆಲಸದ ಲೆಕ್ಕದಲ್ಲಿ ಹೇಳುವುದಾದರೆ, ಮೊದಲು ಡಬ್ಬಿಂಗ್ ಕಲಾವಿದರಿಗೆ ಇದ್ದದ್ದು ಮುಖ್ಯವಾಗಿ ಕನ್ನಡ ಬಾರದ ನಾಯಕಿಯರಿಗೆ, ಹೊರಗಿನಿಂದ ಬಂದ ಖಳನಟರಿಗೆ ದನಿ ಕೊಡುವ ಕೆಲಸ. ಈಗ ಹೊಸಬರಿಗೂ ಜಾಗ ಇದೆ.

ಒಳಗೆ ಹೋಗುವ ದಾರಿ ಕ್ರೌಡ್. ಯುದ್ಧದಲ್ಲಿ ಕೂಗುವ ಸೈನಿಕರು, ಸಂತೆಯ ಜನ, ಕೋರ್ಟಿನಲ್ಲಿ ಗುಸುಗುಸು. ಐದಾರು ಜನ ಮೈಕಿನ ಸುತ್ತ ನಿಂತು ಮಾಡುತ್ತಾರೆ. ಅಲ್ಲಿಂದ "ಅಪ್ಪಣೆ ಮಹಾಪ್ರಭು" ಅನ್ನುವ ಒಂದು ಸಾಲು. ಆಮೇಲೆ ಎರಡು ಸೀನ್. ತೆಲುಗಿನಲ್ಲಿ ರಾಜಶೇಖರ್, ಸುಮನ್ ಅಂಥ ನಟರಿಗೆ ದನಿ ಕೊಟ್ಟ ಸಾಯಿಕುಮಾರ್ ಆಮೇಲೆ ಕನ್ನಡದಲ್ಲಿ ಹೀರೋ ಆದರು. ಎಲ್ಲರಿಗೂ ಹಾಗಾಗುತ್ತದೆ ಅಂತಲ್ಲ. ಆದರೂ ಆಗಿದೆ.

ಲಿಪ್ ಸಿಂಕ್, ಅಂದರೆ ಪರದೆಯ ಮೇಲಿನ ತುಟಿಗೆ ಮಾತು ಹೊಂದಿಸುವುದು, ಅದನ್ನು ಪುಸ್ತಕ ಓದಿ ಕಲಿಯೋಕೆ ಆಗುವುದಿಲ್ಲ, ಒಂದು ಉದಾಹರಣೆ ಕೊಡುತ್ತೇನೆ. ಪರದೆಯ ಮೇಲೆ ಹಿಂದಿ ಖಳ "ಮೈ ತುಮ್ಹೇ ಮಾರ್ ದೂಂಗಾ" ಅನ್ನುತ್ತಾನೆ. ಹಾಳೆಯಲ್ಲಿ "ನಾನು ನಿನ್ನನ್ನು ಕೊಂದುಬಿಡುತ್ತೇನೆ" ಅಂತ ಬರೆದಿದೆ. ಅರ್ಥ ಸರಿ, ಬಾಯಿ ಸರಿಯಿಲ್ಲ. ಅವನ ತುಟಿ ಮೊದಲ ಅಕ್ಷರಕ್ಕೇ ಮುಚ್ಚುತ್ತದೆ, ನಡುವೆಯೂ ಮುಚ್ಚುತ್ತದೆ, ಕೊನೆಯಲ್ಲಿ ಬಾಯಿ ತೆರೆದೇ ನಿಲ್ಲುತ್ತದೆ. ತುಟಿ ಮುಚ್ಚುವ ಅಕ್ಷರ ನಮ್ಮಲ್ಲಿ ಪ, ಬ, ಮ. ಹಾಗಾಗಿ "ಮುಗಿಸಿಬಿಡ್ತೀನಿ ನಿನ್ನ". ಮೊದಲಿಗೆ ಮ, ನಡುವೆ ಬ, ಕೊನೆಗೆ ತೆರೆದ ಅ. ಕೂತುಬಿಟ್ಟಿತು. ಇಂಥದ್ದನ್ನು ಸ್ಥಳದಲ್ಲೇ ಹೊಳೆಸಿಕೊಂಡು ಹೇಳುವ ಕಲಾವಿದರನ್ನು ಡಬ್ಬಿಂಗ್ ಇನ್‌ಚಾರ್ಜ್ ಮತ್ತೆ ಮತ್ತೆ ಕರೆಯುತ್ತಾರೆ, ಯಾಕೆಂದರೆ ಅವರ ಸಮಯ ಉಳಿಯುತ್ತದೆ. ಮನೆಯಲ್ಲಿ ಟಿವಿ ಮ್ಯೂಟ್ ಮಾಡಿ ಅಭ್ಯಾಸ ಮಾಡಬಹುದು. ಮನೆಯವರು ಎರಡು ದಿನ ನಗುತ್ತಾರೆ, ಮೂರನೇ ದಿನ ಅವರೂ ಸೇರಿಕೊಳ್ಳುತ್ತಾರೆ.

ಬೆಂಗಳೂರಿಗೆ ಬರಲಾಗದಿದ್ದರೆ

ರೇಡಿಯೋ ಇದೆ. ಆಕಾಶವಾಣಿ ಅನ್ನುವ ಹೆಸರೇ ನಮ್ಮ ಮೈಸೂರಿನದು, 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಶುರುಮಾಡಿದ ಬಾನುಲಿಯದು. ಧಾರವಾಡ, ಮೈಸೂರು, ಮಂಗಳೂರು, ಕಲಬುರಗಿ, ಭದ್ರಾವತಿ, ಹಾಸನ, ಹೀಗೆ ಹಲವು ಕಡೆ ಆಕಾಶವಾಣಿ ಕೇಂದ್ರಗಳಿವೆ. ಕೇಂದ್ರಗಳು ಆಗಾಗ ಹಂಗಾಮಿ ಉದ್ಘೋಷಕರಿಗೆ ಅರ್ಜಿ ಕರೆಯುತ್ತವೆ, ಬರವಣಿಗೆ ಪರೀಕ್ಷೆ, ದನಿ ಪರೀಕ್ಷೆ ಎರಡೂ ಇರುತ್ತವೆ. ರೇಡಿಯೋ ನಾಟಕದ ಆಡಿಷನ್ ಬೇರೆ. ಸಮುದಾಯ ರೇಡಿಯೋ ಇನ್ನೂ ಸುಲಭ: ಮಂಗಳೂರಿನ ಸಾರಂಗ್ 107.8, ರೇಡಿಯೋ ಮಣಿಪಾಲ್ 90.4, ಬೆಂಗಳೂರಿನ ರೇಡಿಯೋ ಆಕ್ಟಿವ್ 90.4. ಇಂಥ ಕಡೆ ದುಡ್ಡಿನ ಆಸೆ ಇಟ್ಟುಕೊಳ್ಳಬೇಡಿ. ಆದರೆ ಮೈಕ್ ಮುಂದೆ ಗಂಟೆಗಟ್ಟಲೆ ಕೂರುವ ಅಭ್ಯಾಸ ಸಿಗುತ್ತದೆ, ಎಡಿಟಿಂಗ್ ಕೂಡ ಕೈಗೆ ಬರುತ್ತದೆ.

ಆಡಿಯೋ ಪುಸ್ತಕದ ಕೆಲಸ ಮನೆಯಿಂದಲೇ ಸಿಗಬಹುದು. ಅದು ಓಟವಲ್ಲ, ನಡಿಗೆ. ಮೊದಲ ಅಧ್ಯಾಯದ ದನಿಯೇ ಇಪ್ಪತ್ತನೇ ಅಧ್ಯಾಯದಲ್ಲೂ ಇರಬೇಕು. ಅದಕ್ಕೆ ನಾನು ದಿನಾ ಶುರುಮಾಡುವ ಮೊದಲು ಹಿಂದಿನ ದಿನದ ಕೊನೆಯ ಎರಡು ನಿಮಿಷ ಕೇಳುತ್ತೇನೆ.

ಮನೆ ರೆಕಾರ್ಡಿಂಗ್‌ಗೆ ಮೊದಲೇ ಸಾವಿರಾರು ರೂಪಾಯಿಯ ಮೈಕ್ ತರಬೇಡಿ. ಮೊದಲು ಕೋಣೆ ಸರಿಮಾಡಿ. ಬಟ್ಟೆ ತುಂಬಿದ ಬೀರು ಬಾಗಿಲು ತೆರೆದು ಅದರ ಮುಂದೆ ಕೂರಿ, ಹಿಂದೆ ರಜಾಯಿ ಅಥವಾ ದಪ್ಪ ಕಂಬಳಿ ನೇತುಹಾಕಿ. ಖಾಲಿ ಗೋಡೆಯ ಪ್ರತಿಧ್ವನಿಯನ್ನು ಆಮೇಲೆ ಸಾಫ್ಟ್‌ವೇರ್‌ನಿಂದ ಪೂರ್ತಿ ತೆಗೆಯುವುದು ಕಷ್ಟ. ಅಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಉಚಿತ, ಶುರುವಿಗೆ ಸಾಕು. ಅದರ ಸೆಟ್ಟಿಂಗ್‌ನಲ್ಲಿ ಫೈಲ್ 48 ಕಿಲೋಹರ್ಟ್ಸ್, 24 ಬಿಟ್ ವೇವ್ ಇರಲಿ, ಮೀಟರ್‌ನಲ್ಲಿ ದನಿ ಎಲ್ಲೂ ಮೈನಸ್ 3 ಡೆಸಿಬೆಲ್ ದಾಟದಿರಲಿ. ಫ್ಯಾನ್ ಆಫ್, ಫ್ರಿಜ್ ಆಫ್. ಫ್ರಿಜ್ ಆಫ್ ಮಾಡುವಾಗ ಬೈಕ್ ಕೀ ಅದರೊಳಗೇ ಇಡಿ, ಇಲ್ಲದಿದ್ದರೆ ಆನ್ ಮಾಡುವುದು ಮರೆತು ಹಾಲು ಒಡೆದು ಮನೆಯಲ್ಲಿ ಬೈಸಿಕೊಳ್ಳುತ್ತೀರಿ, ನನ್ನ ಹಾಗೆ.

ದುಡ್ಡಿನ ಮಾತು

ಒಂದು ಏಜೆನ್ಸಿ ನನಗೆ ಎಂಟು ತಿಂಗಳು ದುಡ್ಡು ಕೊಡದೆ ಓಡಾಡಿಸಿತು. ತಪ್ಪು ನನ್ನದೂ ಇತ್ತು. ಇನ್‌ವಾಯ್ಸ್ ಕಳಿಸಿರಲಿಲ್ಲ, ಎಲ್ಲಾ ಫೋನಿನಲ್ಲೇ ಮಾತು. ಈಗ ಹೊಸ ಕ್ಲೈಂಟ್ ಆದರೆ ಅರ್ಧ ಮೊದಲೇ ತೆಗೆದುಕೊಳ್ಳುತ್ತೇನೆ. ಕೆಲಸ ಒಪ್ಪಿಕೊಳ್ಳುವಾಗ ಮೂರು ವಿಷಯ ಮೇಲ್‌ನಲ್ಲಿ ಇರಬೇಕು: ಎಲ್ಲೆಲ್ಲಿ ಬಳಸುತ್ತಾರೆ, ಎಷ್ಟು ತಿಂಗಳು, ಸ್ಕ್ರಿಪ್ಟ್ ಬದಲಾದರೆ ಮರು ರೆಕಾರ್ಡಿಂಗ್‌ಗೆ ಎಷ್ಟು. ರೇಡಿಯೋಗೆ ಅಂತ ಓದಿಸಿ ಟಿವಿಯಲ್ಲಿ ಹಾಕಿಬಿಡುವುದು ಮಾಮೂಲು. ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿದುಕೊಂಡರೆ ಗಾಬರಿ ಬೇಡ. ಪಾನ್ ನಂಬರ್ ಸರಿಯಾಗಿ ಕೊಟ್ಟು ರಿಟರ್ನ್ ಹಾಕಿ, ತೆರಿಗೆ ಕಟ್ಟಬೇಕಾದಷ್ಟು ಆದಾಯ ಇಲ್ಲದಿದ್ದರೆ ವಾಪಸ್ ಬರುತ್ತದೆ.

ಈಗ ನಾಲ್ಕನೇ ವಿಷಯವೂ ಸೇರಿದೆ. "ಸುಮ್ನೆ ಎರಡು ಗಂಟೆ ಯಾವುದಾದರೂ ವಾಕ್ಯ ಓದಿ, ಒಳ್ಳೆ ದುಡ್ಡು" ಅಂತ ಕೆಲವರು ಕರೆಯುತ್ತಾರೆ. ಅದು ಬಹುಪಾಲು ಯಂತ್ರಕ್ಕೆ ನಿಮ್ಮ ದನಿ ಕಲಿಸೋಕೆ. ಮಾಡಬಾರದು ಅಂತ ನಾನು ಹೇಳುವುದಿಲ್ಲ, ಗೊತ್ತಿದ್ದು ಮಾಡಿ, ರೇಟ್ ಬೇರೆಯೇ ಕೇಳಿ. ಮಾಮೂಲಿ ಜಾಹೀರಾತಿನ ಒಪ್ಪಂದದಲ್ಲಿ ಮಾತ್ರ ದನಿ ನಕಲು ಮಾಡಲು ಇದನ್ನು ಬಳಸುವಂತಿಲ್ಲ ಅಂತ ಒಂದು ಸಾಲು ಸೇರಿಸಿಯೇ ಸಹಿ ಮಾಡಿ.

ಡೆಮೋ, ಅಂದರೆ ಕೆಲಸ ಕೇಳುವಾಗ ಕಳಿಸುವ ನಿಮ್ಮ ದನಿಯ ಮಾದರಿ, ಒಂದು ನಿಮಿಷ ಸಾಕು. ಹಿಂದೆ ಮ್ಯೂಸಿಕ್ ಬೇಡ, ನಟರ ಮಿಮಿಕ್ರಿ ಖಂಡಿತ ಬೇಡ. ಮೊದಲ ಎಂಟು ಸೆಕೆಂಡಿನಲ್ಲಿ ನಿಮ್ಮ ಮಾಮೂಲಿ ದನಿ ಇರಲಿ, ಯಾಕೆಂದರೆ ಅಷ್ಟೇ ಕೇಳುತ್ತಾರೆ. ವಾಟ್ಸಾಪ್‌ನಲ್ಲಿ ವಾಯ್ಸ್ ನೋಟ್ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ, ಫೈಲಿಗೆ "ನ್ಯೂ ರೆಕಾರ್ಡಿಂಗ್ 7" ಅಂತಲ್ಲ, ನಿಮ್ಮ ಹೆಸರಿಡಿ.

ಸೆಷನ್ ಇರುವ ದಿನ ಮೊಸರು, ಐಸ್‌ಕ್ರೀಮ್ ಬಿಡಿ. ಹಾಗಂತ ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ, ಹೊಟ್ಟೆ ಗುರುಗುಟ್ಟಿದ್ದು ಒಳ್ಳೆ ಮೈಕ್‌ನಲ್ಲಿ ಗುಡುಗಿನ ಹಾಗೆ ಕೇಳುತ್ತದೆ. ಬಳೆ, ಗೆಜ್ಜೆ, ಜೇಬಿನ ಚಿಲ್ಲರೆ ಎಲ್ಲಾ ಹೊರಗೆ. ಬಟ್ಟೆ ಮೆತ್ತಗಿರಲಿ. ನಾನು ಮೊದಲ ದೊಡ್ಡ ಜಾಹೀರಾತಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಗರಿಗರಿ ಶರ್ಟ್ ಹಾಕಿಕೊಂಡು ಹೋಗಿದ್ದೆ. ಉಸಿರು ತೆಗೆದುಕೊಂಡಾಗಲೆಲ್ಲಾ ಸರಕ್ ಸರಕ್ ಅಂತ ಸದ್ದು. ಕೊನೆಗೆ ಎಸಿ ರೂಮಿನಲ್ಲಿ, ಆರು ಜನ ಕ್ಲೈಂಟ್‌ಗಳ ಎದುರು, ಬನಿಯನ್‌ನಲ್ಲಿ ನಿಂತು ರೇಷ್ಮೆ ಸೀರೆಯ ಜಾಹೀರಾತು ಓದಿದೆ.